ಸಮಾಜದ ಕಾಲೇಜು ಮತ್ತು ಅದರ ಹೊಣೆ ಹೊತ್ತವರು

(ಅಬಿಡ್ಸಿನಲ್ಲಿ ಸೇರಿದ್ದ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಮಾತನಾಡುವವರಿಗೆ ವಿಷಯದ ಬಡತನವಿಲ್ಲ. ಕದಂಬರಿಂದ ಹೊರಟು ವಿಜಯನಗರದಲ್ಲಿ ತಂಗಿ ಏಕೀಕರಣಕ್ಕೆ ಬಂದು ಮುಗಿಸಿದರೆ ಒಂದು ಗಂಟೆ ಸುಖವಾಗಿ ಕಳೆಯುತ್ತದೆ. ಕೇಳುವವರಿಗೆ ಅಭಿಮಾನ, ಹೇಳುವವರಿಗೆ ಆಯಾಸವಿಲ್ಲ. ಆದರೆ ಸಂಘದ ಕಾರ್ಯದರ್ಶಿಗಳು ಈ ಸಲ ನಮಗೆ ಆ ಸುಲಭದ ದಾರಿಯನ್ನು ಬಿಟ್ಟುಕೊಡಲಿಲ್ಲ. ಸಮಾಜದವರು ಕೂಡಿ ಕಟ್ಟಿದ ಕಾಲೇಜುಗಳನ್ನು ನಡೆಸುವವರ ಕಷ್ಟಗಳೇನು, ಹೊರನಾಡಿನಲ್ಲಿರುವ ನಾವು ಅದಕ್ಕೆ ಮಾಡಬೇಕಾದುದೇನು ಎಂಬುದನ್ನು ಹೇಳಬೇಕೆಂದು ಅವರ ಅಪ್ಪಣೆಯಾಗಿದೆ. ಹಬ್ಬದ ಊಟಕ್ಕೆ ಕರೆದು ಹಾಗಲಕಾಯಿ ಬಡಿಸಿದಂತೆ ಕೆಲವರಿಗೆ ತೋರಬಹುದು. ಅದೂ ಪಥ್ಯವೇ ಎಂದುಕೊಂಡು ತಾವು ಸ್ವಲ್ಪ ಹೊತ್ತು ಸಹಿಸಬೇಕು.

ನಾವು ಈಗ ಕುಳಿತಿರುವ ಜಾಗದಿಂದಲೇ ಆರಂಭಿಸೋಣ. ಅಬಿಡ್ಸಿಗೆ ಈ ಹೆಸರು ಬಂದುದು ಆರನೆಯ ನಿಜಾಮರಾದ ಮಹಬೂಬ್ ಅಲಿಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿದ್ ಎಂಬವನ ಅಂಗಡಿಯಿಂದ. ಅಂಗಡಿ ಹೋಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಬಸ್ಸಿನ ಹಲಗೆಯ ಮೇಲೆ ಇಂದಿಗೂ ಓಡಾಡುತ್ತಿದೆ. ವಿದ್ಯಾಸಂಸ್ಥೆಗಳಿಗೂ ಈ ಗತಿ ಬರುವುದುಂಟು. ಹಲಗೆಯ ಮೇಲೆ ಸಮಾಜದ ಹೆಸರು ಉಳಿದಿರುತ್ತದೆ, ಒಳಗಿನ ಸರಕು ಯಾವಾಗಲೋ ಬೇರೆಯಾಗಿರುತ್ತದೆ.

ಈ ಬೀದಿಯ ಸುತ್ತ ಒಂದೆರಡು ಮೈಲಿ ನಡೆದು ನೋಡಿದರೆ, ಸಮಾಜಗಳು ಕಟ್ಟಿದ ವಿದ್ಯಾಶಾಲೆಗಳ ಒಂದು ಪ್ರದರ್ಶನವೇ ಇದೆ ಎನ್ನಬೇಕು. 1834ರ ಸೇಂಟ್ ಜಾರ್ಜ್ ಗ್ರಾಮರ್ ಶಾಲೆ ಇಲ್ಲಿಯೇ ಇದೆ. ಚಾಪೆಲ್ ರಸ್ತೆಯಲ್ಲಿ ಮೆಥೊಡಿಸ್ಟ್ ಕ್ರೈಸ್ತರ ಸ್ಟ್ಯಾನ್ಲಿ ಬಾಲಿಕೆಯರ ಶಾಲೆ. ಆ ಹೆಸರಿನಲ್ಲಿ 2008ರಿಂದ ಹೆಣ್ಣುಮಕ್ಕಳ ಇಂಜಿನಿಯರಿಂಗ್ ಕಾಲೇಜೂ ನಡೆಯುತ್ತಿದೆ. ಜಾಂಬಾಗಿನಲ್ಲಿ ಮರಾಠಿ ಬಂಧುಗಳು 1907ರಲ್ಲಿ ಆರಂಭಿಸಿದ ವಿವೇಕವರ್ಧಿನಿ. ಹನುಮಾನ್ ಟೇಕಡಿಯಲ್ಲಿ ಗುಜರಾತಿಗಳ ಪ್ರಗತಿ ಮಹಾವಿದ್ಯಾಲಯ. ಕಾಚಿಗುಡದ ಕಡೆ ಬದ್ರುಕಾ ಮನೆತನದವರ ಕಾಲೇಜು, ಅದೇ ಕಡೆಯಲ್ಲಿ ನಮ್ಮ ನೃಪತುಂಗನ ಹೆಸರು ಹೊತ್ತ ಕನ್ನಡಿಗರ ವಿದ್ಯಾಸಂಸ್ಥೆಗಳು. ತೆಲುಗರು 1901ರಲ್ಲಿ ಕಟ್ಟಿದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವೂ ದೂರವಿಲ್ಲ. ಹಂಪೆಯಲ್ಲಿ ಕುಳಿತು ಆಳಿದ ದೊರೆಯ ಹೆಸರನ್ನು ಅವರು ತಮ್ಮ ಗ್ರಂಥಾಲಯಕ್ಕೆ ಇಟ್ಟುಕೊಂಡರೆಂಬುದು ನಮಗೆ ಸಂತೋಷದ ಸಂಗತಿ.

ಇವರೆಲ್ಲ ಏತಕ್ಕಾಗಿ ಕಟ್ಟಿದರು? ನಿಜಾಮರ ರಾಜ್ಯದಲ್ಲಿ ಹೆಚ್ಚು ಮಂದಿ ಆಡುತ್ತಿದ್ದ ತೆಲುಗು, ಮರಾಠಿ, ಕನ್ನಡಗಳಿಗೆ ದರ್ಬಾರಿನಲ್ಲಿ ಸ್ಥಾನವಿರಲಿಲ್ಲ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟು ಕೀರ್ತಿ ಪಡೆಯಿತು, ನಿಜ. ಆದರೆ ಆ ದೇಶಭಾಷೆ ಉರ್ದುವಾಗಿತ್ತು. ಅಲ್ಲಿ ಡಿ. ಕೆ. ಭೀಮಸೇನರಾಯರಂಥವರು ಕನ್ನಡದ ಪೀಠವನ್ನು ಕಾಪಾಡಿಕೊಂಡು ಬಂದರು. 1920ರ ದಶಕದಲ್ಲಿ ಖಾಸಗಿ ಶಾಲೆ ತೆರೆಯುವುದಕ್ಕೂ ಸರ್ಕಾರದ ಪೂರ್ವಾನುಮತಿ ಬೇಕಾಯಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಎಂಬ ರಾಷ್ಟ್ರೀಯ ಶಾಲೆ ತೆರೆದರು. ಹಮ್‌ದರ್ದ್ ಎಂದರೆ ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು. ಸರ್ಕಾರದ ಅವಕೃಪೆಗೆ ಗುರಿಯಾದ ಅವರು ಕಡೆಗೆ ನಿಜಾಮ ಸೀಮೆಯನ್ನೇ ಬಿಟ್ಟು, ಬ್ರಿಟಿಷ್ ಸೀಮೆಯ ತುಂಗಭದ್ರಾದಲ್ಲಿ ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿಕೊಳ್ಳಬೇಕಾಯಿತು. ಅಂದಿನ ಮುಖ್ಯಸ್ಥನ ಎದುರಾಳಿ ಹೊರಗಿದ್ದ. ಸಮಾಜ ಅವನ ಬೆನ್ನಿಗಿತ್ತು. ಇಂದಿನ ಪ್ರಿನ್ಸಿಪಾಲರ ಕಷ್ಟ ಬೇರೆ ತೆರನಾದುದು. ಅವರ ಬೆನ್ನಿಗೆ ನಿಲ್ಲಬೇಕಾದವರು ಎಲ್ಲಿದ್ದಾರೆ ಎಂಬುದೇ ಅವರಿಗೆ ತಿಳಿಯದಾಗಿದೆ.

ಇದಕ್ಕೆ ಕಾರಣವನ್ನು ಹುಡುಕಿದರೆ ನಾವು ಈ ದಿನ ಆಚರಿಸುತ್ತಿರುವ ಹಬ್ಬದ ಬಳಿಗೇ ಬರಬೇಕಾಗುತ್ತದೆ. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ ಜಿಲ್ಲೆಗಳು ಕನ್ನಡ ತಾಯಿಯ ಮಡಿಲು ಸೇರಿದವು. ಅದುವರೆಗೆ ಆ ಮೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಕಾಲೇಜು, ಕಚೇರಿ, ಆಸ್ಪತ್ರೆ, ಕೋರ್ಟು ಎಲ್ಲಕ್ಕೂ ರೈಲು ಹತ್ತಿ ಇಲ್ಲಿಗೇ ಬರಬೇಕಾಗಿತ್ತು. ಎರಡೇ ವರ್ಷಗಳಲ್ಲಿ, 1958ರಲ್ಲಿ, ಮಹಾದೇವಪ್ಪ ರಾಂಪೂರೆಯವರು ಗುಲ್ಬರ್ಗದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1980ರಲ್ಲಿ ಅಲ್ಲಿ ವಿಶ್ವವಿದ್ಯಾಲಯವೂ ಆಯಿತು. ನಾಡಿಗೆ ಒಳ್ಳೆಯದಾಯಿತು. ಆದರೆ ಹೈದರಾಬಾದಿನ ಕನ್ನಡ ಸಂಸ್ಥೆಗಳಿಗೆ ವರ್ಷವರ್ಷವೂ ಹರಿದು ಬರುತ್ತಿದ್ದ ಹುಡುಗರ ಕಾಲುವೆ ಬತ್ತಿತು. ಏಕೀಕರಣದ ಲಾಭವನ್ನು ಎಣಿಸುವವರು ಈ ಸಣ್ಣ ನಷ್ಟವನ್ನು ಎಣಿಸಲಿಲ್ಲ, ಎಣಿಸಬೇಕಾಗಿಯೂ ಇರಲಿಲ್ಲ. ಅದನ್ನು ಹೊತ್ತವರು ಇಲ್ಲಿಯ ಮುಖ್ಯೋಪಾಧ್ಯಾಯರು.

ಆಮೇಲೂ ಕನ್ನಡಿಗರು ಈ ನಗರಕ್ಕೆ ಬಂದರು. ಉಡುಪಿಯ ಕಡೆಯ ಹೋಟೆಲಿನವರು, ಬ್ಯಾಂಕಿನವರು, ಕೇಂದ್ರ ಸರ್ಕಾರದ ನೌಕರರು, ಈಚೆಗೆ ಕಂಪ್ಯೂಟರ್ ಕೆಲಸದ ತರುಣರು. ಆದರೆ ಇವರು ಮನೆ ಮಾಡಿದ್ದು ಮಿಯಾಪುರ, ಕೂಕಟಪಲ್ಲಿ, ಗಚ್ಚಿಬೌಲಿಗಳಲ್ಲಿ. ಸಮಾಜದ ಶಾಲೆ ಕಾಲೇಜುಗಳು ಹಳೆಯ ಪೇಟೆಯಲ್ಲಿ ಉಳಿದವು. ಹೀಗಾಗಿ ಇಂಥ ಕಾಲೇಜಿನ ಬೆಂಚಿನ ಮೇಲೆ ಕುಳಿತಿರುವವರು ಯಾರೆಂದು ನೋಡಿದರೆ, ಸುತ್ತಲಿನ ಗಲ್ಲಿಗಳ ತೆಲುಗು, ಉರ್ದು, ಹಿಂದಿ ಆಡುವ ಮಕ್ಕಳು. ಚಿಕ್ಕ ಅಂಗಡಿಯವರ, ಆಟೋ ಓಡಿಸುವವರ, ಹೊಲಿಗೆಯವರ ಮಕ್ಕಳು. ನಮ್ಮಲ್ಲಿ ಎಷ್ಟು ಮಂದಿ ನಮ್ಮ ಮಕ್ಕಳನ್ನು ನಮ್ಮವರ ಕಾಲೇಜಿಗೆ ಕಳುಹಿಸಿದ್ದೇವೆ? ಈ ಸಭೆಯಲ್ಲಿ ಕೈ ಎತ್ತಿಸುವ ಅವಿನಯವನ್ನು ನಾವು ಮಾಡುವುದಿಲ್ಲ.

ಹಾಗಾದರೆ ಈ ಕಾಲೇಜು ಯಾರದು? ಪ್ರಿನ್ಸಿಪಾಲರ ಎಲ್ಲ ಸಂಕಟಗಳ ಬೇರು ಈ ಪ್ರಶ್ನೆಯಲ್ಲಿದೆ. ಅಮೆರಿಕದಲ್ಲಿ ಸಮುದಾಯ ಕಾಲೇಜು ಎಂಬ ಹೆಸರಿನ ಎರಡು ವರ್ಷಗಳ ಕಾಲೇಜುಗಳಿವೆ. ಅಲ್ಲಿ ಸಮುದಾಯವೆಂದರೆ ಒಂದು ಜಾತಿಯಲ್ಲ, ಒಂದು ಭಾಷೆಯೂ ಅಲ್ಲ. ಕಾಲೇಜಿನ ಸುತ್ತಮುತ್ತ ವಾಸಿಸುವವರೆಲ್ಲ ಸಮುದಾಯವೇ. ಹಗಲು ದುಡಿಯುವವನು ಸಂಜೆ ಬಂದು ಕಲಿಯಬಹುದು, ಹೆಚ್ಚು ಅಂಕವಿಲ್ಲದವನಿಗೂ ಬಾಗಿಲು ತೆರೆದಿರುತ್ತದೆ. ಈ ಪದ್ಧತಿಗೆ ಮೂಲವಾದ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ಅಲ್ಲಿಯ ಪ್ರೌಢಶಾಲೆಯ ಮುಖ್ಯಸ್ಥರಾದ ಸ್ಟ್ಯಾನ್ಲಿ ಬ್ರೌನರು; ಮೊದಲ ವರ್ಷ ಸೇರಿದವರು ಆರೇ ಮಂದಿ. ನಮ್ಮಲ್ಲಿ ಸಮಾಜದ ಕಾಲೇಜು ಎಂದರೆ ಸಮಾಜದವರು ಕಟ್ಟಿದ್ದು. ಅವರಲ್ಲಿ ಸಮಾಜಕ್ಕಾಗಿ ಇರುವುದು. ಕಟ್ಟಿದವರೂ ಕಲಿಯುವವರೂ ಒಂದೇ ಆಗಿದ್ದ ಕಾಲದಲ್ಲಿ ಈ ಎರಡು ಅರ್ಥಗಳ ನಡುವೆ ಜಗಳವಿರಲಿಲ್ಲ. ಈಗ ಅವೆರಡೂ ಬೇರೆಯಾಗಿವೆ, ಪ್ರಿನ್ಸಿಪಾಲರು ಒಂದೊಂದು ಕಾಲನ್ನು ಒಂದೊಂದು ದೋಣಿಯಲ್ಲಿ ಇಟ್ಟು ನಿಂತಿದ್ದಾರೆ.

ಅವರ ಒಂದು ದಿನವನ್ನು ಊಹಿಸಿಕೊಳ್ಳಿ. ಬೆಳಗ್ಗೆ ಬಂದೊಡನೆ ಆಡಳಿತ ಮಂಡಳಿಯ ಹಿರಿಯರೊಬ್ಬರ ಚೀಟಿ: ಬಂಧುವಿನ ಮಗನಿಗೆ ಕೆಲಸ ಬೇಕು. ಅದನ್ನು ಮೇಜಿನ ಖಾನೆಗೆ ಸೇರಿಸುವಷ್ಟರಲ್ಲಿ ಇನ್ನೊಬ್ಬರ ದೂರವಾಣಿ: ಕಾಲೇಜಿನ ಸಭಾಂಗಣ ಮನೆಯ ಮದುವೆಗೆ ಬೇಕು, ಅದೂ ಪರೀಕ್ಷೆಯ ವಾರದಲ್ಲಿ. ಮೂರನೆಯವರಿಗೆ ಕನ್ನಡದ ವಿದ್ಯಾರ್ಥಿಗಳು ಏಕೆ ಕಡಮೆಯಾದರೆಂಬ ಲೆಕ್ಕ ಬೇಕು. ಅವರ ಮೊಮ್ಮಕ್ಕಳು ಕಾರ್ಪೊರೇಟ್ ಕಾಲೇಜಿನ ವಸತಿಯಲ್ಲಿದ್ದಾರೆ. ನಾವು ಬಲ್ಲ ಒಂದು ಸಂಸ್ಥೆಯಲ್ಲಿ, ಹೆಸರು ಬೇಡ, ಸಂಸ್ಥಾಪಕರ ಭಾವಚಿತ್ರಕ್ಕೆ ಹೊಸ ಕಟ್ಟು ಹಾಕಿಸುವ ಚರ್ಚೆ ಮೂರು ಸಭೆಗಳಲ್ಲಿ ನಡೆಯಿತು. ಪ್ರಯೋಗಶಾಲೆಯ ಛಾವಣಿ ಸೋರುವುದು ಮೂರೂ ಸಭೆಗಳಲ್ಲಿ ಸಮಯಾಭಾವದಿಂದ ಮುಂದಕ್ಕೆ ಹೋಯಿತು. ದಾನಿಗಳನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅವರು ಕೊಟ್ಟ ನೆಲವಿಲ್ಲದಿದ್ದರೆ ಸೋರುವುದಕ್ಕೆ ಛಾವಣಿಯೂ ಇರುತ್ತಿರಲಿಲ್ಲ. ಆದರೆ ಹೆಣ್ಣು ಕೊಟ್ಟ ಮಾವ ದಿನವೂ ಅಳಿಯನ ಅಡುಗೆಮನೆಗೆ ಬಂದು ಉಪ್ಪು ನೋಡಿದರೆ ಸಂಸಾರ ನಡೆಯುವುದಿಲ್ಲ.

ಹಿಂದಿನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. 1884ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲಿ ಪಾಠ ಹೇಳುವವರೇ ಆಜೀವ ಸದಸ್ಯರು. ಅಲ್ಪ ಸಂಬಳಕ್ಕೆ ದುಡಿಯುವುದಾಗಿ ಮಾತು ಕೊಟ್ಟವರ ಕೈಯಲ್ಲೇ ಆಡಳಿತ. ನಮ್ಮ ಬೆಳಗಾವಿಯಲ್ಲಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯೂ ಶಿಕ್ಷಕರೇ. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಶಿರಸಂಗಿ ಲಿಂಗರಾಜರಂಥ ದಾನಿಗಳ ಹೆಸರು ಕಾಲೇಜಿಗೆ ಬಂದಿತು, ನಡೆಸುವ ಹೊಣೆ ಶಿಕ್ಷಕರಲ್ಲಿ ಉಳಿಯಿತು. ಈ ಏರ್ಪಾಡಿನಲ್ಲಿ ಜಗಳವೇ ಇರಲಿಲ್ಲವೆಂದು ತಿಳಿಯಬೇಡಿ. ಆಜೀವ ಸದಸ್ಯರು ಹೊರಗಡೆ ದುಡಿದು ಹಣ ಪಡೆಯಬಹುದೇ ಎಂಬ ವಾದದಲ್ಲಿ ಲೋಕಮಾನ್ಯ ತಿಲಕರೇ 1890ರಲ್ಲಿ ಪುಣೆಯ ಸಂಸ್ಥೆಯನ್ನು ಬಿಟ್ಟು ಹೊರಬಂದರು. ಆದರೆ ಅದು ಪಾಠ ಹೇಳುವವರ ನಡುವಿನ ಜಗಳ, ಧ್ಯೇಯದ ಜಗಳ. ಮದುವೆಯ ಸಭಾಂಗಣದ ಜಗಳವಲ್ಲ.

ಹಣದ ಮಾತಿಗೆ ಬರೋಣ. ನಮ್ಮ ರಾಜ್ಯದಲ್ಲಿ ಬಡ ಮತ್ತು ಹಿಂದುಳಿದ ವರ್ಗಗಳ ಮಕ್ಕಳ ಶುಲ್ಕವನ್ನು ಸರ್ಕಾರ ಕಾಲೇಜಿಗೆ ಮರುಪಾವತಿ ಮಾಡುವ ಯೋಜನೆ ಅಖಂಡ ಆಂಧ್ರಪ್ರದೇಶದ ಕಾಲದಿಂದ ಇದೆ. ಯೋಜನೆ ಉದಾರವಾದುದು. ಆದರೆ ಹಣ ತಡವಾಗಿ ಬರುತ್ತದೆ. ಬಾಕಿ ಬೆಳೆದು, 2024ರ ಅಕ್ಟೋಬರಿನಲ್ಲಿ ತೆಲಂಗಾಣದ ಖಾಸಗಿ ಪದವಿ ಕಾಲೇಜುಗಳು ಬಾಗಿಲು ಹಾಕಿ ಪ್ರತಿಭಟಿಸಿದುದನ್ನು ತಾವು ಬಲ್ಲಿರಿ. ದೊಡ್ಡ ಸಂಸ್ಥೆ ಸಾಲ ತೆಗೆದಾದರೂ ತಿಂಗಳ ಸಂಬಳ ಕೊಡುತ್ತದೆ. ಗಲ್ಲಿಯ ಮಕ್ಕಳನ್ನೇ ನಂಬಿರುವ ಸಮಾಜದ ಕಾಲೇಜಿನಲ್ಲಿ ಬಡ ವಿದ್ಯಾರ್ಥಿಗಳು ಹೆಚ್ಚಿದಷ್ಟೂ ಬಾಕಿಯೂ ಹೆಚ್ಚು. ಅಂದರೆ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ ಕಾಲೇಜಿಗೇ ಹೆಚ್ಚು ದಂಡ. ಇದರ ಮೇಲೆ 2016ರಿಂದ ಪದವಿ ತರಗತಿಗಳ ಪ್ರವೇಶಕ್ಕೆ ದೋಸ್ತ್ ಎಂಬ ಆನ್‌ಲೈನ್ ಪದ್ಧತಿ ಬಂದಿದೆ. ಹುಡುಗನು ಮನೆಯಲ್ಲೇ ಕುಳಿತು ತನಗೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಗುರುತು ಮಾಡುತ್ತಾನೆ. ಪರಿಚಯದ ಮಾತು, ಹಿರಿಯರ ಶಿಫಾರಸು ಅಲ್ಲಿ ನಡೆಯುವುದಿಲ್ಲ. ಒಳ್ಳೆಯದೇ ಆಯಿತು. ಆದರೆ ಹೆಸರು ಗೊತ್ತಿಲ್ಲದ ಚಿಕ್ಕ ಕಾಲೇಜು ಪಟ್ಟಿಯ ಕೆಳಗೆ ಬೀಳುತ್ತದೆ. ಒಬ್ಬ ವಿದ್ಯಾರ್ಥಿಯೂ ಸೇರದೆ ಉಳಿದ ಕಾಲೇಜುಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಕಾನೂನು ನಮಗೆ ಪ್ರತಿಕೂಲವಲ್ಲ. ಸಂವಿಧಾನದ 30ನೆಯ ವಿಧಿ ಧರ್ಮದ ಅಲ್ಪಸಂಖ್ಯಾತರಿಗೆ ಮಾತ್ರವಲ್ಲ, ಭಾಷೆಯ ಅಲ್ಪಸಂಖ್ಯಾತರಿಗೂ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. 2002ರ ಅಕ್ಟೋಬರ್ 31ರಂದು, ಅಂದರೆ ರಾಜ್ಯೋತ್ಸವದ ಹಿಂದಿನ ದಿನ, ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರು ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯದ ಲೆಕ್ಕದಲ್ಲಿ ನಿರ್ಣಯಿಸಬೇಕೆಂದು ತೀರ್ಪಿತ್ತರು. ಬೆಂಗಳೂರಿನಲ್ಲಿ ಬಹುಸಂಖ್ಯಾತನಾದ ಕನ್ನಡಿಗ ಇಲ್ಲಿ ಅಬಿಡ್ಸಿನಲ್ಲಿ ಅಲ್ಪಸಂಖ್ಯಾತ. ಹೊರಗಿನ ಮಕ್ಕಳನ್ನು ಸೇರಿಸಿಕೊಂಡ ಮಾತ್ರಕ್ಕೆ ಸಂಸ್ಥೆಯ ಸ್ವರೂಪ ಕೆಡುವುದಿಲ್ಲವೆಂದು ಅದೇ ನ್ಯಾಯಾಲಯ 1958ರಲ್ಲಿಯೇ ಕೇರಳದ ಶಿಕ್ಷಣ ಮಸೂದೆಯ ಸಂಬಂಧದಲ್ಲಿ ಹೇಳಿತ್ತು. ತೊಡಕು ಕಾಗದಪತ್ರದಲ್ಲಿದೆ. ಧಾರ್ಮಿಕ ಅಲ್ಪಸಂಖ್ಯಾತರ ಸಂಸ್ಥೆಗಳಿಗೆ 2004ರ ಕಾಯಿದೆಯಂತೆ ದಿಲ್ಲಿಯ ಆಯೋಗವಿದೆ. ಭಾಷೆಯ ಅಲ್ಪಸಂಖ್ಯಾತರಿಗೆ ಆ ಬಾಗಿಲು ಇಲ್ಲ. ರಾಜ್ಯ ಸರ್ಕಾರದ ಕಚೇರಿಯನ್ನೇ ಹತ್ತಿ ಇಳಿಯಬೇಕು. ಹತ್ತಿ ಇಳಿಯುವ ಆ ಕಾಲುಗಳು ಯಾರವು? ಮಂಡಳಿಯಲ್ಲಿ ವಕೀಲರು, ನಿವೃತ್ತ ಅಧಿಕಾರಿಗಳು ಬೇಕಾದಷ್ಟಿದ್ದರೂ, ಪಾಠ ಬಿಟ್ಟು ಫೈಲು ಹಿಡಿದು ಓಡುವವರು ಪ್ರಿನ್ಸಿಪಾಲರೇ.

ಇನ್ನು ಭಾಷೆ. 2018ರ ಕಾಯಿದೆಯಿಂದ ತೆಲಂಗಾಣದ ಎಲ್ಲ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ತೆಲುಗು ಕಡ್ಡಾಯ. ನಮ್ಮಲ್ಲಿ ಕೆಲವರು ಇದರಿಂದ ಬೇಸರಗೊಂಡಿದ್ದಾರೆ. ಕರ್ನಾಟಕವೂ 2015ರಲ್ಲಿ ಕನ್ನಡ ಕಲಿಕೆಯ ಕಾಯಿದೆಯನ್ನು ಮಾಡಿದೆ. ಅಲ್ಲಿ ನಾವು ಬಾರಿಸುವ ತಾಳವನ್ನೇ ಇಲ್ಲಿಯವರು ಬಾರಿಸಿದರೆ ದೂರುವ ಹಾಗಿಲ್ಲ. ಈ ನೆಲದ ಅನ್ನ ಉಣ್ಣುವವರಿಗೆ ಈ ನೆಲದ ಭಾಷೆ ಬರಬೇಕಾದುದು ನ್ಯಾಯವೂ ಹೌದು. ನಿಜವಾದ ಪೆಟ್ಟು ಬೀಳುವುದು ಇಂಟರ್‌ಮೀಡಿಯೆಟ್ಟಿನಲ್ಲಿ. ಅಲ್ಲಿ ಎರಡನೆಯ ಭಾಷೆಯನ್ನು ಆರಿಸಿಕೊಳ್ಳುವಾಗ ತೆಲುಗು ಮಕ್ಕಳೇ ತೆಲುಗನ್ನು ಬಿಟ್ಟು ಅಂಕದ ಆಸೆಗೆ ಸಂಸ್ಕೃತದ ಕಡೆ ಓಡುತ್ತಾರೆ. ತೆಲುಗಿನ ಪಾಡೇ ಹೀಗಿರುವಾಗ ಕನ್ನಡದ ತರಗತಿಯಲ್ಲಿ ಏಳು ಜನ, ಐದು ಜನ ಉಳಿಯುವುದರಲ್ಲಿ ಆಶ್ಚರ್ಯವೇನು? ಐದು ಜನರಿಗೊಬ್ಬ ಉಪನ್ಯಾಸಕರೇ ಎಂದು ಲೆಕ್ಕಿಗರು ಕೇಳುತ್ತಾರೆ. ಪ್ರಿನ್ಸಿಪಾಲರ ಬಳಿ ಉತ್ತರವಿಲ್ಲ. ಉತ್ತರ ಕೊಡಬೇಕಾದವರು ನಾವು. ಕನ್ನಡದ ತರಗತಿ ಶುಲ್ಕದಿಂದ ನಡೆಯತಕ್ಕದ್ದಲ್ಲ. ಅದರ ಖರ್ಚು ಸಮಾಜದ್ದು. ಪಲ್ಲಕ್ಕಿಗೂ ಪಟಾಕಿಗೂ ಹಣ ಕೂಡಿಸುವ ನಾವು ಒಬ್ಬ ಉಪನ್ಯಾಸಕರ ಹನ್ನೆರಡು ತಿಂಗಳ ಸಂಬಳವನ್ನು ಕೂಡಿಸಲಾರೆವೇ?

ಆ ಐದು ಮಂದಿಯನ್ನು ಹದಿನೈದು ಮಾಡುವ ದಾರಿಗಳೂ ಇವೆ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲ ರಾಯಚೂರಿಗೆ ಅಂಟಿಕೊಂಡಿದೆ. ಅಲ್ಲಿ ಕನ್ನಡ ಮಾತೃಭಾಷೆಯ ಹಳ್ಳಿಗಳಿವೆ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಹತ್ತನೆಯ ತರಗತಿ ಮುಗಿದ ಮೇಲೆ ಹೊಳೆ ದಾಟಿ ರಾಯಚೂರಿಗೆ ಹೋಗುವುದೇ ಆ ಮಕ್ಕಳಿಗೆ ಹತ್ತಿರ. ಆದರೆ ವೈದ್ಯಕೀಯ ಕಾಲೇಜುಗಳಲ್ಲಿ ಸ್ಥಳೀಯರೆನಿಸಿಕೊಳ್ಳಲು 12ನೆಯ ತರಗತಿಯವರೆಗಿನ ನಾಲ್ಕು ವರ್ಷಗಳನ್ನು ತೆಲಂಗಾಣದಲ್ಲಿಯೇ ಓದಿರಬೇಕೆಂದು 2024ರಲ್ಲಿ ಸರ್ಕಾರ ನಿಯಮ ಮಾಡಿತು. 2025ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹೊಳೆಯಾಚೆ ಎರಡು ವರ್ಷ ಓದಿ ಬಂದ ಹುಡುಗಿ ತನ್ನ ರಾಜ್ಯದಲ್ಲಿಯೇ ಪರಕೀಯಳಾಗುತ್ತಾಳೆ. ಅವಳಿಗೆ ಹೈದರಾಬಾದಿನಲ್ಲಿ ಕನ್ನಡ ಉಳಿಸಿಕೊಂಡು ಓದುವ ಒಂದು ಜಾಗವೂ, ಊಟಕ್ಕೆ ಮಲಗಲಿಕ್ಕೆ ಒಂದು ನೆಲೆಯೂ ಬೇಕು. ಮಠ ಮಾನ್ಯಗಳು ಉಚಿತ ವಿದ್ಯಾರ್ಥಿನಿಲಯ ನಡೆಸಿ ನಾಡನ್ನೇ ಓದಿಸಿದ ಪರಂಪರೆ ನಮ್ಮದು; ಹತ್ತು ಮಕ್ಕಳ ನಿಲಯ ನಮಗೆ ಭಾರವಾಗಲಾರದು.

ಇನ್ನೊಂದು ದಾರಿ ಈ ಬೀದಿಯಲ್ಲೇ ಇದೆ. ಭಾನುವಾರ ಅಂಗಡಿಗಳು ಮುಚ್ಚಿದಾಗ ಅಬಿಡ್ಸಿನ ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳ ಸಂತೆ ನೆರೆಯುತ್ತದೆ. ಅಲ್ಲಿ ಬಗ್ಗಿ ಪುಸ್ತಕ ಕೆದಕುವ ತರುಣರನ್ನು ಮಾತನಾಡಿಸಿ ನೋಡಿ. ಅವರಲ್ಲಿ ಬೆಂಗಳೂರಿನ ಕೆಲಸದ ಕನಸು ಕಾಣುವವರು ಸಿಕ್ಕೇ ಸಿಕ್ಕುತ್ತಾರೆ. ತೆಲುಗು ಬಲ್ಲವನಿಗೆ ಕನ್ನಡ ಲಿಪಿ ನೆಂಟರ ಮನೆಯಿದ್ದಂತೆ. ಮೂರು ತಿಂಗಳ ಸಂಜೆಯ ತರಗತಿ ಇಟ್ಟರೆ ಅಂಗಡಿಯ ಹಲಗೆ ಓದಿ, ಬಸ್ಸಿನವನೊಡನೆ ಮಾತನಾಡುವಷ್ಟು ಕನ್ನಡ ಅವನಿಗೆ ಬರುತ್ತದೆ. ಅವನು ಕೊಡುವ ಚಿಕ್ಕ ಶುಲ್ಕ ಉಪನ್ಯಾಸಕರ ಸಂಬಳಕ್ಕೂ ಆದೀತು. ಗಲ್ಲಿಯ ಮಕ್ಕಳು ಬಂದು ನಮ್ಮ ಕಾಲೇಜಿನಲ್ಲಿ ಕನ್ನಡ ಕೆಟ್ಟಿತೆಂದು ಹಲುಬುವ ಬದಲು ಆ ಮಕ್ಕಳಿಗೇ ಕನ್ನಡ ಹೇಳಿಕೊಟ್ಟರೆ ಕಟ್ಟಿದವರ ಕಾಲೇಜೂ ಉಳಿಯಿತು, ಸುತ್ತಲಿನವರ ಕಾಲೇಜೂ ಆಯಿತು. ಪ್ರಿನ್ಸಿಪಾಲರ ಎರಡು ದೋಣಿಗಳನ್ನು ಕೂಡಿಸಿ ಕಟ್ಟುವ ಹಗ್ಗ ಇದೆಂದು ನಮಗೆ ತೋರುತ್ತದೆ.

ಆಡಳಿತ ಮಂಡಳಿಗಳಲ್ಲಿರುವ ಹಿರಿಯರು ಇಲ್ಲಿ ಕೆಲವರಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೇ. ವರ್ಷದ ಆರಂಭದಲ್ಲಿ ಕಾಲೇಜಿಗೆ ಇಷ್ಟು ಹಣ ಕೊಡುತ್ತೇವೆಂದು ಗೊತ್ತುಮಾಡಿ, ಆ ಹಣವನ್ನು ವೇಳೆಗೆ ಸರಿಯಾಗಿ ಕೊಡಿ. ವರ್ಷದ ಕೊನೆಗೆ ಕಾಸು ಬಿಡದೆ ಲೆಕ್ಕ ಕೇಳಿ. ನಡುವಿನ ಹನ್ನೊಂದು ತಿಂಗಳು ನೇಮಕ, ಪ್ರವೇಶ, ವೇಳಾಪಟ್ಟಿಗಳಿಗೆ ಕೈ ಹಾಕಬೇಡಿ. ಸರ್ಕಾರದ ಕಚೇರಿಗೆ ಹೋಗುವ ಕೆಲಸವನ್ನು ನಿಮ್ಮಲ್ಲಿಯ ವಕೀಲರಿಗೆ ವಹಿಸಿ.

ಸಂಘದ ಪಾಲಿಗೆ ಬರುವ ಕೆಲಸವನ್ನು ಕಾರ್ಯದರ್ಶಿಗಳು ಆಗಲೇ ಆರಂಭಿಸಿದ್ದಾರೆ. ಒಬ್ಬ ಕನ್ನಡ ಉಪನ್ಯಾಸಕರ ಒಂದು ವರ್ಷದ ಸಂಬಳಕ್ಕೆ ವಂತಿಗೆ ಬರೆಯುವ ಪುಸ್ತಕವೊಂದು ಬಾಗಿಲ ಬಳಿಯ ಮೇಜಿನ ಮೇಲಿದೆ. ಖಜಾಂಚಿಗಳು ಪೆನ್ನು ಹಿಡಿದು ಅಲ್ಲಿಯೇ ಕುಳಿತಿದ್ದಾರೆ. ಊಟದ ಕರೆ ಬರುವುದಕ್ಕೆ ಇನ್ನೂ ಕಾಲು ಗಂಟೆ ಇದೆಯೆಂದು ಅವರು ಸನ್ನೆ ಮಾಡುತ್ತಿದ್ದಾರೆ.